ಕ್ರಯಪತ್ರದಲ್ಲಿ ಎರಡು ಹೆಸರು | ಹಳೇ ಕಾಗದ, ಹೊಸ ಓದು: ಭಾಗ 6

ಮೊದಲನೇ ಫೋಟೋದಲ್ಲಿರೋದು ನಮ್ಮ ಅಜ್ಜಿ ಮನೆಯ ಕ್ರಯಪತ್ರ. ದಾವಣಗೆರೆ, 1964. ಛಾಪಾ ಕಾಗದ ಮಡಚಿದ ಕಡೆಯೆಲ್ಲ ಹರಿದಿದೆ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಹೆಸರುಗಳನ್ನ ಮುಚ್ಚಿದ್ದೀನಿ, ಜೂಮ್ ಮಾಡಿದ್ರೂ ಕಾಣಲ್ಲ. ಕೊಂಡವರ ಜಾಗದಲ್ಲಿ ಇರೋದು ಒಂದೇ ಹೆಸರು, ಅಜ್ಜಂದು. ಆ ಮನೆಗೋಸ್ಕರ ಮಾರಿದ್ದು ಅಜ್ಜಿಯ ನಾಲ್ಕು ಬಳೆ, ಒಂದು ಅವಲಕ್ಕಿ ಸರ.

ಈ ಕಾಗದ ಈಗ ಯಾಕೆ ಹೊರಗೆ ಬಂತು ಅಂದ್ರೆ, ನಮ್ಮ ಅಕ್ಕ ಭಾವ ಸೇರಿ ಬೆಂಗಳೂರಲ್ಲಿ ಫ್ಲ್ಯಾಟ್ ತಗೋತಿದ್ದಾರೆ. ಇಬ್ಬರ ಸಂಬಳ, ಇಬ್ಬರ ಇಎಂಐ. ಕ್ರಯಪತ್ರದ ಕರಡು ಬಂದಾಗ ಅದರಲ್ಲಿ ಭಾವನ ಹೆಸರು ಮಾತ್ರ ಇತ್ತು. ಪತ್ರ ಬರೆದವರನ್ನ ಕೇಳಿದ್ರೆ, "ಮೇಡಂ ಹೆಸರು ಲೋನ್‌ನಲ್ಲಿ ಇದೆಯಲ್ಲ ಸಾರ್, ಸಾಕು ಬಿಡಿ" ಅಂದ್ರಂತೆ.

ಸಾಕಾ? ಒಂಬೈನೂರು ವರ್ಷ ಹಿಂದಕ್ಕೆ ಹೋಗಿ ನೋಡೋಣ ಬನ್ನಿ.

▪ ಕಲ್ಯಾಣದಲ್ಲಿ ಶುರು

ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ಆಗ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿ 'ಮಿತಾಕ್ಷರ' ಬರೆದ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಮುಂದೆ ಭಾರತದ ಬಹುಪಾಲು ಕಡೆ ಹಿಂದೂ ಆಸ್ತಿ ಕಾನೂನಿಗೆ ಅದೇ ಆಧಾರ ಆಯ್ತು. ಅಪ್ಪನ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅನ್ನೋ ಮಾತು ಅಲ್ಲಿಂದಲೇ ಬಂದಿದ್ದು.

ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಅದೇ ವಿಜ್ಞಾನೇಶ್ವರ 'ಸ್ತ್ರೀಧನ' ಅನ್ನೋ ಮಾತಿಗೆ ತುಂಬ ಅಗಲವಾದ ಅರ್ಥ ಕೊಟ್ಟ. ತವರಿನ ಉಡುಗೊರೆ ಅಷ್ಟೇ ಅಲ್ಲ, ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದದ್ದು, ಪಾಲಿನಲ್ಲಿ ಬಂದದ್ದು, ಕ್ರಯಕ್ಕೆ ಕೊಂಡದ್ದು, ಎಲ್ಲವೂ ಸ್ತ್ರೀಧನವೇ ಅಂದ. ಗಮನಿಸಿ, 'ಕ್ರಯ'. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇವತ್ತೂ ಓಡಾಡೋ 'ಶುದ್ಧ ಕ್ರಯಪತ್ರ'ದಲ್ಲಿರೋದು ಅದೇ ಪದ.

▪ ಬಾಗಿಲು ಕಿರಿದಾಯ್ತು

ಮುಂದಿನ ವ್ಯಾಖ್ಯಾನಕಾರರು ಎಲ್ಲರೂ ಇದನ್ನ ಒಪ್ಪಲಿಲ್ಲ. ಬ್ರಿಟಿಷರ ಕಾಲದ ಕೋರ್ಟುಗಳೂ ಒಪ್ಪಲಿಲ್ಲ. ಗಂಡನಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ ವಿಧವೆಯ ಸ್ತ್ರೀಧನ ಅಲ್ಲ ಅಂತ 1867ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು. ಅಂದ್ರೆ ಬದುಕಿರೋವರೆಗೂ ಅನುಭವಿಸಬಹುದು, ಇಷ್ಟ ಬಂದ ಹಾಗೆ ಮಾರೋ ಹಾಗಿಲ್ಲ, ಅವಳು ಹೋದಮೇಲೆ ಗಂಡನ ಕಡೆಯ ವಾರಸುದಾರರಿಗೆ.

ಹಾಗಂತ ಇಂಗ್ಲೆಂಡಿನಲ್ಲಿ ಹೆಂಗಸರ ಪರಿಸ್ಥಿತಿ ಚೆನ್ನಾಗಿತ್ತು ಅಂದ್ಕೋಬೇಡಿ. ಅಲ್ಲಿ ಮದುವೆಯಾದ ಹೆಣ್ಣು ಆಸ್ತಿಯನ್ನ ಪೂರ್ತಿ ತನ್ನದಾಗಿ ಇಟ್ಕೊಳ್ಳೋ ಹಕ್ಕು ಸಿಕ್ಕಿದ್ದೇ 1882ರ ಕಾಯ್ದೆಯಿಂದ. ಇನ್ನು ಮುಸ್ಲಿಂ ಕಾನೂನಿನಲ್ಲಿ ಮದುವೆಯಾದ್ಮೇಲೂ ಹೆಂಡತಿಯ ಆಸ್ತಿ ಹೆಂಡತಿಯದ್ದೇ. ಆ ಕಥೆ ಬೇರೆ, ಅದಕ್ಕೆ ಇನ್ನೊಂದು ಭಾಗ ಬೇಕು.

▪ ಮೈಸೂರು ಮುಂದೆ ಹೋಯ್ತು

1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳಿಗಾಗಿ ತನ್ನದೇ ಕಾಯ್ದೆ ಮಾಡಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಅಂತ ಅದು ಬರೆಯಿತು, ಸ್ತ್ರೀಧನ ಅಂದ್ರೇನು ಅನ್ನೋದನ್ನೂ ಬರೆಯಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಪಾಲು ಕೊಡೋ ಕಾಯ್ದೆ ಬಂದಿದ್ದು 1937ರಲ್ಲಿ, ಅದೂ ಜೀವ ಇರೋವರೆಗಿನ ಹಕ್ಕು ಮಾತ್ರ.

ಆಮೇಲೆ ಹಿಂದೂ ಕೋಡ್ ಬಿಲ್. ಅದು ಮುಂದಕ್ಕೆ ಹೋಗಲಿಲ್ಲ. 1951ರಲ್ಲಿ ಅಂಬೇಡ್ಕರ್ ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದಕ್ಕೆ ಅದು ಒಂದು ದೊಡ್ಡ ಕಾರಣ. ಕೊನೆಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಬಂತು: ಹಿಂದೂ ಹೆಣ್ಣಿನ ಕೈಯಲ್ಲಿರೋ ಆಸ್ತಿಗೆ ಅವಳು ಪೂರ್ಣ ಒಡತಿ. ಕೊಂಡದ್ದೂ ಸೇರಿ. ಕಲ್ಯಾಣದ ಆ ಹಳೇ ಮಾತು ಸುತ್ತಿ ಬಳಸಿ ವಾಪಸ್ ಬಂದ ಹಾಗಾಯ್ತು.

▪ ಹಾಗಾದ್ರೆ 1964ರಲ್ಲಿ?

ಈ ಲೆಕ್ಕ ನೋಡಿದಾಗ ನಂಗೆ ಹೊಟ್ಟೆಯಲ್ಲಿ ಸಂಕಟ ಆಗಿದ್ದು. ಕಾನೂನು ಬಂದು ಎಂಟು ವರ್ಷ ಆಗಿತ್ತು. ಅಜ್ಜಿ ಹೆಸರು ಬರೆಯೋಕೆ ಯಾವ ಅಡ್ಡಿಯೂ ಇರಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ. ಬರೀಬೇಕು ಅಂತ ಯಾರಿಗೂ ಅನ್ನಿಸಲೇ ಇಲ್ಲ, ಅಷ್ಟೇ. ಅಜ್ಜ ಕೆಟ್ಟವರಲ್ಲ. ಮನೆ ಗಂಡಸಿನ ಹೆಸರಲ್ಲಿ ಇರುತ್ತೆ, ಇದೇ ಅವರಿಗೆ ಗೊತ್ತಿದ್ದ ಪದ್ಧತಿ.

1989ರಲ್ಲಿ ಅಜ್ಜ ಹೋದರು. ಉಯಿಲು ಬರೆದಿರಲಿಲ್ಲ. ಅದೇ 1956ರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಎಲ್ಲರಿಗೂ ಸಮಪಾಲು. ನಾಲ್ಕು ಮಕ್ಕಳು, ಒಬ್ಬ ಅಜ್ಜಿ. ತನ್ನ ಬಳೆ ಮಾರಿ ಕೊಂಡ ಮನೆಯಲ್ಲಿ ಅಜ್ಜಿಗೆ ಸಿಕ್ಕಿದ್ದು ಐದರಲ್ಲಿ ಒಂದು. ಅರ್ಧ ಮನೆ ಮೊದಲೇ ಅವರ ಹೆಸರಲ್ಲಿ ಇದ್ದಿದ್ರೆ, ಆ ಅರ್ಧ, ಜೊತೆಗೆ ಉಳಿದ ಅರ್ಧದಲ್ಲಿ ಐದನೇ ಒಂದು ಪಾಲು: ಒಟ್ಟು ಐದರಲ್ಲಿ ಮೂರು. ಮನೆ ಮಾರಬೇಕೋ ಬೇಡವೋ ಅನ್ನೋ ಮಾತು ಅವರನ್ನ ಬಿಟ್ಟು ನಡೀತಿರಲಿಲ್ಲ. ಮಾರಿದ್ರು. ಆಮೇಲೆ ಅಜ್ಜಿ ಮೂರು ತಿಂಗಳು ಒಬ್ಬರ ಮನೆ, ಮೂರು ತಿಂಗಳು ಇನ್ನೊಬ್ಬರ ಮನೆ.

▪ ಈಗ ಅಕ್ಕನ ಪತ್ರಕ್ಕೆ

ಸಾಲದ ಕಾಗದದಲ್ಲಿ ಕೋ-ಅಪ್ಲಿಕೆಂಟ್ ಆಗಿದ್ರೆ ಸಾಲ ತೀರಿಸೋ ಹೊಣೆ ನಿಮ್ಮದೂ ಹೌದು. ಅಷ್ಟಕ್ಕೇ ಮನೆ ನಿಮ್ಮದಾಗಲ್ಲ. ಮನೆಯ ಒಡೆತನ ಇರೋದು ಕ್ರಯಪತ್ರದಲ್ಲಿ. ಹೆಸರಿಲ್ಲದೆ, ನಾನೂ ದುಡ್ಡು ಕೊಟ್ಟಿದ್ದೀನಿ ಅಂತ ಆಮೇಲೆ ಕೋರ್ಟಲ್ಲಿ ಸಾಬೀತು ಮಾಡೋಕೆ ಹೋದ್ರೆ ಅದು ಬೇರೆಯೇ ಹೋರಾಟ.

ಇಬ್ಬರ ಹೆಸರು ಇದ್ರೂ ಪಾಲು ಎಷ್ಟು ಅಂತ ಬರೆಸಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಂ ಹೇಳೋದು ಇಷ್ಟು: ಬೇರೆ ಒಪ್ಪಂದ ಇಲ್ಲದಿದ್ರೆ ಯಾರು ಎಷ್ಟು ಹಣ ಹಾಕಿದ್ರೋ ಅಷ್ಟು ಪಾಲು, ಅದಕ್ಕೆ ಪುರಾವೆ ಇಲ್ಲದಿದ್ರೆ ಸಮಪಾಲು ಅಂತ ಭಾವಿಸಬೇಕು. ಇಂಗ್ಲೆಂಡಿನ ಹೆಂಡತಿಯರಿಗೆ ಆಸ್ತಿ ಹಕ್ಕು ಸಿಕ್ಕಿದ್ದೂ ಅದೇ ವರ್ಷ, ನೋಡಿ.

ನಾನು ಈ ಹಳೇ ಕಾಗದ ಮುಂದಿಟ್ಟಾಗ ಭಾವ ಸ್ವಲ್ಪ ಹೊತ್ತು ಸುಮ್ನಿದ್ರು. "ನಾನು ಕರಡನ್ನ ಸರಿಯಾಗಿ ಓದೇ ಇರಲಿಲ್ಲ ಕಣೋ" ಅಂದ್ರು. ಹೊಸ ಕರಡಿನಲ್ಲಿ ಎರಡು ಹೆಸರಿದೆ, ಮುಂದೆ 'ಸಮಭಾಗ' ಅಂತ ಇದೆ. ಮುಂದಿನ ವಾರ ನೋಂದಣಿ.

ಇವತ್ತು ಮನೆಗೆ ಹೋದಾಗ ಬೀರು ತೆಗೆದು ನಿಮ್ಮ ಮನೆ ಪತ್ರ ನೋಡಿ. ಯಾರ ಹೆಸರಿದೆ? ದುಡ್ಡು ಯಾರದ್ದಾಗಿತ್ತು ಅಂತ ಅಮ್ಮನ್ನ, ಅಜ್ಜೀನ ಕೇಳಿ. ಹೆಸರು ಬೇಡ, ಕಥೆ ಮಾತ್ರ ಕಾಮೆಂಟಲ್ಲಿ ಬರೀರಿ. ಓದ್ತೀನಿ.

#ಹಳೇಕಾಗದಹೊಸಓದು #ಕನ್ನಡದಲ್ಲಿಇತಿಹಾಸ #ಕ್ರಯಪತ್ರ