ತುತ್ತ, ಸುಣ್ಣ, ಲೆಕ್ಕದ ಪುಸ್ತಕ: ಮಲೆನಾಡಿನ ಕೊಳೆ ಔಷಧಿಯ ಪೂರ್ವವೃತ್ತ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಮನೆಗಳಲ್ಲಿ ಹಳೆಯ ಲೆಕ್ಕದ ಪುಸ್ತಕ ಕೈಗೆ ಸಿಕ್ಕರೆ ಮೊದಲು ನೋಡಬೇಕಾದದ್ದು ಮಳೆಗಾಲದ ಪುಟಗಳನ್ನು. ಮೈಲುತುತ್ತಕ್ಕೆ ಇಷ್ಟು, ಸುಣ್ಣಕ್ಕೆ ಇಷ್ಟು, ರಾಳಕ್ಕೆ ಇಷ್ಟು, ಮರ ಹತ್ತುವ ಕೊನೆಗೌಡನ ಕೂಲಿ ಇಷ್ಟು. ಇಂಥ ನಾಲ್ಕು ಸಾಲುಗಳ ಹಿಂದೆ ಫ್ರಾನ್ಸಿನ ಒಬ್ಬ ರಸಾಯನಶಾಸ್ತ್ರ ಪ್ರಾಧ್ಯಾಪಕನ ಪ್ರಯೋಗಾಲಯವಿದೆ.

ಆತ ಉಲೀಸ್ ಗೇಯೋಂ, ಪಾಸ್ಚರನ ಶಿಷ್ಯ, ಬೋರ್ಡೋ ವಿಶ್ವವಿದ್ಯಾಲಯದವನು. ಅಲ್ಲಿಯೇ ಸಸ್ಯಶಾಸ್ತ್ರ ಕಲಿಸುತ್ತಿದ್ದ ಮಿಲಾರ್ಡೆ 1882ರಲ್ಲಿ ಸೇಂಟ್ ಜೂಲಿಯನ್ ಊರಿನ ದ್ರಾಕ್ಷಿ ತೋಟದಲ್ಲೊಂದು ವಿಚಿತ್ರ ಕಂಡ. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಎರಚಿದ್ದರು; ಬೂಜು ರೋಗಕ್ಕೆ ಸಿಗದೆ ಎಲೆ ಉಳಿಸಿಕೊಂಡಿದ್ದವು ಆ ಬಳ್ಳಿಗಳೇ. ಇಬ್ಬರೂ ಸೇರಿ ಪರೀಕ್ಷಿಸಿ 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಳ್ಳರನ್ನು ಹೆದರಿಸುವ ಬಣ್ಣ ಔಷಧಿಯಾಯಿತು.

ಈ ಮಲೆನಾಡು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಕ್ಕೆ ಬುನಾದಿ ಹಾಕಿದವನು ರಸಾಯನಶಾಸ್ತ್ರಜ್ಞ ಅಡಾಲ್ಫ್ ಲೇಮನ್. ಆದರೆ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿದ್ದು 1908ರಲ್ಲಿ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. ಕಾಯಿ ಕೊಳೆಸುವ ಜೀವಿ ಫೈಟಾಫ್ತೊರ ಕುಲದ್ದೆಂದು 1910ರಲ್ಲಿ ಆತ ವಿವರವಾಗಿ ಬರೆದ. ತುತ್ತ-ಸುಣ್ಣದ ದ್ರಾವಣವನ್ನೇ ಮದ್ದಾಗಿ ಸೂಚಿಸಿದ, ಮಳೆಗೆ ತೊಳೆದುಹೋಗದಂತೆ ರಾಳದ ಅಂಟನ್ನೂ ಸೇರಿಸಿದ. ದ್ರಾಕ್ಷಿಯ ಬೂಜು ಮತ್ತು ಅಡಿಕೆಯ ಕೊಳೆ ದಾಯಾದಿಗಳು. ಎರಡೂ ನೀರಿನಲ್ಲಿ ಈಜುವ ಬೀಜಕಣಗಳಿಂದ ಹರಡುತ್ತವೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವಾಗ ಅವಕ್ಕೆ ಈಜಲು ಇನ್ನೆಷ್ಟು ನೀರು ಬೇಕು!

ಇಲ್ಲಿಗೆ ಕತೆ ಮುಗಿಸಿದರೆ ವಿಜ್ಞಾನಿ ಕೊಟ್ಟ, ರೈತ ಪಡೆದ ಎಂದಾಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಔಷಧಿ ಬರುವ ಮೊದಲೂ ಮಲೆನಾಡಿನವರು ಸುಮ್ಮನೆ ಕೂತಿರಲಿಲ್ಲ. ಕರಡದ ಹುಲ್ಲಿನಿಂದಲೋ ಅಡಿಕೆ ಹಾಳೆಯಿಂದಲೋ ಕೊಟ್ಟೆ ಮಾಡಿ, ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗಳಿಗೆ ಕಟ್ಟುತ್ತಿದ್ದರು. ಕಾಯಿಗೆ ನೀರು ತಾಗದಿದ್ದರೆ ಕೊಳೆ ಇಲ್ಲ ಎಂಬ ತಿಳಿವಳಿಕೆ ಆ ಕೊಟ್ಟೆಯೊಳಗಿತ್ತು. ತುತ್ತವೂ ರೋಗ ಬಂದ ಮೇಲೆ ವಾಸಿಮಾಡುವ ಮದ್ದಲ್ಲ, ಮೊದಲೇ ಹೊದಿಸುವ ಕಾಪು. ಮೃಗಶಿರೆಯ ಹೊತ್ತಿಗೆ ಮರ ಹತ್ತಬೇಕೆಂಬ ಲೆಕ್ಕ ಎರಡಕ್ಕೂ ಒಂದೇ. ಹೊಸ ಔಷಧಿ ಕಾಲಿಟ್ಟದ್ದು ಹಳೆಯ ಪಂಚಾಂಗದೊಳಗೆ. ಮರದಿಂದ ಮರಕ್ಕೆ ಜೀಕುವ ಕೊನೆಗೌಡನಿಲ್ಲದೆ ಪ್ರಾಧ್ಯಾಪಕನ ಸೂತ್ರ ಕೊನೆಯ ಎತ್ತರಕ್ಕೆ ಏರುತ್ತಲೂ ಇರಲಿಲ್ಲ.

ದ್ರಾವಣ ಕೂಡಿಸುವುದೂ ಕಾಗದ ನೋಡಿ ಬರುವ ವಿದ್ಯೆಯಲ್ಲ. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿಳಿನೀಲಿ ಗಂಜಿಯಂತೆ ಕೂಡಿದಾಗ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಡರಿದರೆ ತುತ್ತದೊಳಗಿನ ತಾಮ್ರ ಇನ್ನೂ ಬಿಡಿಯಾಗಿದೆ, ಕಾಯಿ ಸುಟ್ಟೀತು. ಇನ್ನಷ್ಟು ಸುಣ್ಣ ಬೀಳಬೇಕು. ಕಬ್ಬಿಣದ ಮೇಲೆ ತಾಮ್ರ ಕೂರುವ ಈ ಕ್ರಿಯೆ ಕಾಲೇಜಿನ ಪ್ರಯೋಗಾಲಯದ್ದೇ. ತೋಟದಲ್ಲಿ ಅದಕ್ಕೆ ಸಮೀಕರಣ ಬೇಕಾಗಿಲ್ಲ, ಕಣ್ಣು ಸಾಕು.

ಗೇಯೋಂ ಮತ್ತು ಕೋಲ್ಮನ್ ಬರೆದದ್ದು ಅಚ್ಚಾಗಿ ಗ್ರಂಥಾಲಯ ಸೇರಿದೆ. ಮನೆಯ ಲೆಕ್ಕದ ಪುಸ್ತಕಗಳು ಅಟ್ಟದಲ್ಲಿ ತೇವ ಹೀರುತ್ತವೆ, ಇಲ್ಲವೇ ಗುಜರಿಗೆ ಹೋಗುತ್ತವೆ. ಉಳಿದವನ್ನು ಬಿಚ್ಚುವಾಗ ಬೆನ್ನನ್ನೂ ಗಮನಿಸಬೇಕು. ಹುಳ ಹಿಡಿಯದಿರಲೆಂದು ಬೈಂಡಿಂಗಿನವರು ಮೈದಾ ಅಂಟಿಗೆ ಬೆರೆಸುತ್ತಿದ್ದದ್ದೂ ಒಂದು ಚಿಟಿಕೆ ಮೈಲುತುತ್ತವನ್ನೇ.