ಬಯಲಿನ ಕಲ್ಲು ಹೇಳುವ ಕಥೆ

ನಿಮ್ಮ ಊರಿನ ಕೆರೆ ಏರಿಯ ಮೇಲೋ ಗುಡಿಯ ಹಿಂಭಾಗದಲ್ಲೋ ಅರ್ಧ ಹೂತುಹೋದ ಕೆತ್ತನೆಯ ಕಲ್ಲೊಂದನ್ನು ನೀವು ಕಂಡಿರಬಹುದು. ಕೆಲವೆಡೆ ಅದಕ್ಕೆ ಕುಂಕುಮ ಹಚ್ಚುತ್ತಾರೆ, ಕೆಲವೆಡೆ ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಅದು ವೀರಗಲ್ಲು. ಗೋಡೆ, ಚಾವಣಿ, ಟಿಕೆಟ್ಟು ಒಂದೂ ಇಲ್ಲದ ಬಯಲ ಶಿಲ್ಪ.

ಇದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವವರೆಗೂ ಈ ಹೆಸರು ಉಳಿಯಲಿ ಎಂಬುದು ಆಶಯ.

ಹೀಗೆ ಉಳಿದವರೆಲ್ಲ ಅರಸರಲ್ಲ. ತುರುಗಳನ್ನು ಕಾಯಲು ಹೋಗಿ ಮಡಿದವರೂ ಇದ್ದಾರೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ 10ನೆಯ ಶತಮಾನದ ಕಲ್ಲೊಂದು ನಿಂತದ್ದು 'ಕಾಳಿ' ಎಂಬ ನಾಯಿಗಾಗಿ! ಹಂದಿಯೊಡನೆ ಕಾದಾಡಿ ಎರಡೂ ಸತ್ತವು. ಆ ಕಲ್ಲು ಬಳಿಕ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. ಕಲ್ಲು ಸುರಕ್ಷಿತವಾಯಿತು, ನಿಜ. ಆದರೆ ಊರಿನ ಮಕ್ಕಳ ಕಣ್ಣಿನಿಂದ ದೂರವಾಯಿತು.

ಬೆಂಗಳೂರಿನ ಹೆಬ್ಬಾಳದ ಕಥೆ ಬೇರೆ. ಅಲ್ಲಿನ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಶತ್ರುದಾಳಿಯನ್ನು ಎದುರಿಸಿ ಸತ್ತವನು ಕಿತ್ತಯ್ಯ. ಅದರ ಬರಹದಲ್ಲಿ 'ಪೆರ್ಬೊಳಲ್' ಎಂಬ ಹೆಸರಿದೆ. ಅದೇ ಇಂದಿನ ಹೆಬ್ಬಾಳ. 2018ರಲ್ಲಿ ನೆಲ ಅಗೆಯುವಾಗ ಕಲ್ಲು ಮತ್ತೆ ಕಣ್ಣಿಗೆ ಬಿತ್ತು. ಆಸಕ್ತರೂ ಸ್ಥಳೀಯರೂ ಸೇರಿ ಅದನ್ನು ಉಳಿಸಿಕೊಂಡು, ಅಲ್ಲೇ ಮಂಟಪ ಕಟ್ಟಿದರು. ದಿನವೂ ಬಸ್ಸಿನ ಫಲಕದಲ್ಲಿ ಓದುವ ಊರ ಹೆಸರಿಗೆ 1,250 ವರ್ಷಗಳ ಆಯುಷ್ಯವಿದೆಯೆಂದು ಆ ಬೀದಿಯವರಿಗೆ ಕಲ್ಲೇ ತಿಳಿಸಿತು.

ಕ್ಯಾಮೆರಾ ಹಿಡಿದು ಊರೂರು ತಿರುಗಿದ ನಾನು ಕಲಿತ ಒಂದು ಪಾಠ ಹೇಳುತ್ತೇನೆ. ಬೆಳಕು ಎದುರಿನಿಂದ ಬಿದ್ದರೆ ಸವೆದ ಅಕ್ಷರ ಕಾಣದು. ಪಕ್ಕದಿಂದ ಓರೆಯಾಗಿ ಬಿದ್ದರೆ ಸಣ್ಣ ಗೀರಿಗೂ ನೆರಳು ಮೂಡಿ ಅಕ್ಷರ ಎದ್ದು ಬರುತ್ತದೆ. ಸಂಜೆ ಒಂದು ಟಾರ್ಚು ಸಾಕು.

ಈ ಭಾನುವಾರ ನಿಮ್ಮೂರಿನ ಕಲ್ಲಿನ ಬಳಿ ಹೋಗಿ. ಅದಕ್ಕೆ ಬಣ್ಣ ಬಳಿಯಬೇಡಿ, ಅಕ್ಷರಗಳನ್ನು ಕೆರೆಯಬೇಡಿ, ಕಲ್ಲನ್ನು ಕದಲಿಸಬೇಡಿ. ಚಿತ್ರ ಬರೆದುಕೊಳ್ಳಿ, ಅಜ್ಜ ಅಜ್ಜಿಯರನ್ನು ಕೇಳಿ. ರಸ್ತೆ ಅಗಲಿಸುವ ಯಂತ್ರ ಬರುವ ದಿನ, ಅದು ಬರಿಯ ಬಂಡೆಯಲ್ಲವೆಂದು ಹೇಳಲು ಊರಿನಲ್ಲಿ ಒಬ್ಬರಾದರೂ ಬೇಕು. ಆ ಒಬ್ಬರು ನೀವೇ ಏಕಾಗಬಾರದು?