ಶ್ರೀರಂಗಪಟ್ಟಣದ ಬಿರುದು ಎಲ್ಲಿ ಹೋಯಿತು?

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಹಳೆಯದೊಂದು ಕಲ್ಲಿನ ಸೇತುವೆಯಿದೆ. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಕಟ್ಟಿ ಮುಗಿಸಿದ ಇದರ ಹೆಸರು ವೆಲ್ಲೆಸ್ಲಿ ಸೇತುವೆ. ಯಾವ ವೆಲ್ಲೆಸ್ಲಿ? ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಆ ಕೋಟೆಯ ಅಧಿಕಾರ ಹಿಡಿದವನು, ದರಿಯಾ ದೌಲತ್‌ನಲ್ಲಿ ವಾಸವಿದ್ದವನು, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿ ಜಗತ್ಪ್ರಸಿದ್ಧನಾದವನು ಆರ್ಥರ್ ವೆಲ್ಲೆಸ್ಲಿ. ಸೇತುವೆಯೂ ಅವನ ಹೆಸರಿನದೇ ಎಂದುಕೊಳ್ಳುವುದು ಸಹಜ. ಆದರೆ ಅದನ್ನು ಅರ್ಪಿಸಿದ್ದು ಅವನ ದೊಡ್ಡಣ್ಣನಿಗೆ, ಆಗಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ.

ಶ್ರೀರಂಗಪಟ್ಟಣದ ಗೆಲುವಿಗಾಗಿ ರಿಚರ್ಡನಿಗೆ ‘ಮಾರ್ಕ್ವಿಸ್ ವೆಲ್ಲೆಸ್ಲಿ’ ಎಂಬ ವಂಶಪಾರಂಪರ್ಯ ಪದವಿ ಸಿಕ್ಕಿತು. ಆ ಪದವಿ ಇಂದು ಭೂಮಿಯ ಮೇಲಿಲ್ಲ. 1842ರಲ್ಲಿ ಅವನ ಜೊತೆಗೇ ಅದೂ ಸತ್ತಿತು. ತಮ್ಮ ಆರ್ಥರನ ‘ಡ್ಯೂಕ್ ಆಫ್ ವೆಲ್ಲಿಂಗ್ಟನ್’ ಪದವಿ ಮಾತ್ರ ಇನ್ನೂ ಜೀವಂತವಾಗಿದೆ. ಅಷ್ಟೇ ಅಲ್ಲ, ಅಣ್ಣನಿಗೆ ತಂದೆಯಿಂದ ಬಂದಿದ್ದ ‘ಅರ್ಲ್ ಆಫ್ ಮಾರ್ನಿಂಗ್ಟನ್’ ಪದವಿ ಕೂಡ ತಮ್ಮನ ಮನೆ ಸೇರಿದೆ. ರಿಚರ್ಡನಿಗೆ ಗಂಡುಮಕ್ಕಳಿರಲಿಲ್ಲವೇ? ಮೂವರಿದ್ದರು. ಹಾಗಿದ್ದೂ ಹೀಗೇಕಾಯಿತು ಎಂಬುದರಲ್ಲಿ ಬ್ರಿಟಿಷ್ ಬಿರುದುಗಳ ಒಳಗುಟ್ಟಿದೆ.

ಬ್ರಿಟನ್ನಿನ ಕುಲೀನ ಪದವಿಗಳಲ್ಲಿ ಐದು ಮೆಟ್ಟಿಲು. ಕೆಳಗಿನಿಂದ ಎಣಿಸಿದರೆ ಬ್ಯಾರನ್, ವೈಕೌಂಟ್, ಅರ್ಲ್, ಮಾರ್ಕ್ವಿಸ್, ಡ್ಯೂಕ್. ಪ್ರತಿ ಪದವಿಗೂ ರಾಜ ಒಂದು ಸನ್ನದು ಹೊರಡಿಸುತ್ತಾನೆ. ಪದವಿ ಯಾರಿಗೆ, ಅವನ ನಂತರ ಯಾರಿಗೆ ಎಂಬುದು ಆ ಸನ್ನದಿನಲ್ಲೇ ಬರೆದಿರುತ್ತದೆ. ಸಾಮಾನ್ಯವಾಗಿ ಅದರಲ್ಲಿರುವ ಷರತ್ತು ಒಂದೇ: ಪಡೆದವನ ದೇಹದಿಂದ, ಶಾಸ್ತ್ರೋಕ್ತ ಮದುವೆಯಲ್ಲಿ ಹುಟ್ಟಿದ ಗಂಡು ಸಂತಾನಕ್ಕೆ ಮಾತ್ರ. ನಮ್ಮ ಮಾತಿನಲ್ಲಿ ಹೇಳುವುದಾದರೆ ಔರಸ ಪುತ್ರನಿಗೆ. ದತ್ತು ಮಗನಿಗಿಲ್ಲ, ಮಗಳಿಗಿಲ್ಲ, ಮದುವೆಗೆ ಮುಂಚೆ ಹುಟ್ಟಿದವನಿಗಿಲ್ಲ. ಆಸ್ತಿಯನ್ನು ಉಯಿಲು ಬರೆದು ಯಾರಿಗಾದರೂ ಕೊಡಬಹುದು. ಮನೆತನದ ಹೆಸರನ್ನೂ ಕೊಡಬಹುದು. ಪದವಿಯನ್ನು ಕೊಡುವ ಅಧಿಕಾರ ಅದನ್ನು ಹೊತ್ತವನಿಗೇ ಇಲ್ಲ.

ಹೆಸರನ್ನು ಕೊಡಬಹುದು ಎನ್ನುವುದಕ್ಕೆ ಈ ಮನೆತನವೇ ಸಾಕ್ಷಿ. ಗಂಡು ಸಂತತಿಯ ಲೆಕ್ಕದಲ್ಲಿ ಇವರು ವೆಲ್ಲೆಸ್ಲಿಗಳೇ ಅಲ್ಲ, ಐರ್ಲೆಂಡಿನಲ್ಲಿ ನೆಲೆಸಿದ್ದ ಕಾಲಿ ಎಂಬ ಇಂಗ್ಲಿಷ್ ಮೂಲದ ಜಮೀನ್ದಾರರು. ರಿಚರ್ಡ್ ಕಾಲಿ ಎಂಬಾತನಿಗೆ ಗ್ಯಾರೆಟ್ ವೆಸ್ಲಿ ಎಂಬ ಸೋದರತ್ತೆಯ ಮಗನಿದ್ದ. ಅವನು ಮಕ್ಕಳಿಲ್ಲದೆ 1728ರಲ್ಲಿ ತೀರಿಕೊಂಡಾಗ ಮೀತ್ ಪ್ರಾಂತದ ಡಾಂಗನ್ ಕೋಟೆಮನೆ, ಜಮೀನು ಎಲ್ಲ ಕಾಲಿಗೆ ಬಂದವು. ಅವುಗಳ ಜೊತೆ ವೆಸ್ಲಿ ಎಂಬ ಹೆಸರನ್ನೂ ಅವನು ಇಟ್ಟುಕೊಂಡ. 1746ರಲ್ಲಿ ಬ್ಯಾರನ್ ಮಾರ್ನಿಂಗ್ಟನ್ ಆದ. ಅವನ ಮಗ ಇನ್ನೊಬ್ಬ ಗ್ಯಾರೆಟ್ ಸಂಗೀತಗಾರ, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. 1760ರಲ್ಲಿ ಅವನು ಅರ್ಲ್ ಆಫ್ ಮಾರ್ನಿಂಗ್ಟನ್ ಪದವಿಗೇರಿದ. ಬದುಕಿ ದೊಡ್ಡವರಾದ ಅವನ ಗಂಡುಮಕ್ಕಳು ಐವರು: ರಿಚರ್ಡ್, ವಿಲಿಯಂ, ಆರ್ಥರ್, ಜೆರಾಲ್ಡ್, ಹೆನ್ರಿ. ವೆಸ್ಲಿ ಎಂಬುದನ್ನು ವೆಲ್ಲೆಸ್ಲಿ ಎಂಬ ಹಳೆಯ, ಗಂಭೀರ ರೂಪಕ್ಕೆ ತಿರುಗಿಸಿದವನು ದೊಡ್ಡ ಮಗ ರಿಚರ್ಡ್. ಆರ್ಥರ್ 1798ರವರೆಗೂ ವೆಸ್ಲಿ ಎಂದೇ ಸಹಿ ಹಾಕುತ್ತಿದ್ದ.

ಅದೇ 1798ರಲ್ಲಿ ರಿಚರ್ಡ್ ಗವರ್ನರ್ ಜನರಲ್ ಆಗಿ ಬಂದ. ಆರ್ಥರ್ ಆಗಲೇ ಇಲ್ಲಿ ಸೈನ್ಯದಲ್ಲಿದ್ದ. ಕೊನೆಯ ತಮ್ಮ ಹೆನ್ರಿ ಅಣ್ಣನ ಆಪ್ತ ಕಾರ್ಯದರ್ಶಿಯಾಗಿ ಬಂದಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ರಾಜ್ಯವನ್ನು ಹಂಚಿ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಗದ್ದುಗೆಯಲ್ಲಿ ಕೂರಿಸುವ ಏರ್ಪಾಟಿಗೆ ನೇಮಿಸಿದ ಐದು ಜನರ ಆಯೋಗದಲ್ಲಿ ಇಬ್ಬರು ಗವರ್ನರ್ ಜನರಲ್ಲನ ತಮ್ಮಂದಿರೇ. ಒಂದು ರಾಜ್ಯದ ಹಣೆಬರಹವನ್ನು ಒಂದೇ ಮನೆಯ ಮೂವರು ಬರೆದರು ಎಂದರೆ ಅತಿಶಯೋಕ್ತಿಯಾಗದು.

ಇಷ್ಟೆಲ್ಲ ಮಾಡಿದ ರಿಚರ್ಡನಿಗೆ ಬಂದ ಬಹುಮಾನ ಅವನನ್ನು ಕೆರಳಿಸಿತು. 1799ರ ಡಿಸೆಂಬರಿನಲ್ಲಿ ಅವನು ಮಾರ್ಕ್ವಿಸ್ ಆದ, ನಿಜ. ಆದರೆ ಅದು ಐರ್ಲೆಂಡಿನ ಶ್ರೇಣಿಯ ಮಾರ್ಕ್ವಿಸ್. ಇಂಗ್ಲೆಂಡಿನ ಪದವಿಗಳ ಎದುರು ಐರಿಷ್ ಪದವಿಗೆ ತೂಕ ಕಡಿಮೆ. ಚಿನ್ನದ ನೀರು ಎರಡು ಸಲ ಹೊಡೆದ ಆಲೂಗಡ್ಡೆ ಕೊಟ್ಟಿದ್ದಾರೆ ಎಂದು ಅವನು ಹಲುಬಿದ. ಕೊಳ್ಳೆಯ ಪಾಲಾಗಿ ಬರಬೇಕಿದ್ದ 1,00,000 ಪೌಂಡನ್ನು ಸೈನ್ಯಕ್ಕೇ ಇರಲಿ ಎಂದು ಬಿಟ್ಟವನು ಪದವಿಯ ವಿಷಯದಲ್ಲಿ ಹೀಗೆ ನೊಂದುಕೊಂಡ. ಕಂಪನಿ ಮುಂದೆ ಅವನಿಗೆ ವರ್ಷಕ್ಕೆ 5,000 ಪೌಂಡಿನಂತೆ 20 ವರ್ಷದ ವರ್ಷಾಶನ ಗೊತ್ತುಮಾಡಿತು.

ಆದರೆ ಮಾರ್ಕ್ವಿಸ್ ಪದವಿಗೆ ನಿಜವಾದ ಕಂಟಕ ಅವನ ಮನೆಯಲ್ಲೇ ಇತ್ತು. ರಿಚರ್ಡ್ ಮತ್ತು ಯಾಸಿಂತ್ ರೋಲಾಂ ಎಂಬ ಫ್ರೆಂಚ್ ಮಹಿಳೆ ಬಹಳ ವರ್ಷ ಜೊತೆಗಿದ್ದರು. ಅವರಿಗೆ ಐವರು ಮಕ್ಕಳಾದರು, ಮೂವರು ಗಂಡು, ಇಬ್ಬರು ಹೆಣ್ಣು. ಅವರು ಮದುವೆಯಾದದ್ದು 1794ರಲ್ಲಿ, ಐವರೂ ಹುಟ್ಟಿದ ಮೇಲೆ. ಇಂಗ್ಲೆಂಡಿನ ಕಾನೂನಿಗೆ ಅಪ್ಪ ಅಮ್ಮ ಆಮೇಲೆ ಮದುವೆಯಾದದ್ದು ಲೆಕ್ಕಕ್ಕೆ ಬರಲಿಲ್ಲ. ಮದುವೆಯ ನಂತರ ಮಕ್ಕಳಾಗಲಿಲ್ಲ. ಭಾರತದ ಭೂಪಟವನ್ನೇ ಬದಲಿಸಿದ ಮನುಷ್ಯ ತನ್ನ ಮಗನಿಗೆ ತನ್ನ ಪದವಿಯನ್ನು ಕೊಡಲಾರದೆ ಸತ್ತ. 1926ರ ಕಾನೂನು ಇಂಥ ಮಕ್ಕಳಿಗೆ ಮಾನ್ಯತೆ ಕೊಟ್ಟಿತಾದರೂ ಕುಲೀನ ಪದವಿಗಳನ್ನು ಅದರಿಂದ ಹೊರಗಿಟ್ಟಿತು.

ಮಾರ್ಕ್ವಿಸ್ ಪದವಿ ಸತ್ತರೂ ಅರ್ಲ್ ಆಫ್ ಮಾರ್ನಿಂಗ್ಟನ್ ಉಳಿದದ್ದೇಕೆ? ಅದರ ಸನ್ನದು ತಂದೆ ಗ್ಯಾರೆಟ್‌ನ ಹೆಸರಿನಲ್ಲಿತ್ತು. ಹಾಗಾಗಿ ಗ್ಯಾರೆಟ್‌ನ ಗಂಡುಮಕ್ಕಳೆಲ್ಲರೂ ಸರದಿಯಲ್ಲಿದ್ದರು. ಮಾರ್ಕ್ವಿಸ್ ಸನ್ನದು ರಿಚರ್ಡನದು, ಅವನ ದಾಯಾದಿಗಳಿಗೆ ಅದರಲ್ಲಿ ಪಾಲಿರಲಿಲ್ಲ. ಒಬ್ಬನೇ ಮನುಷ್ಯ ಹೊತ್ತ ಎರಡು ಪದವಿಗಳಲ್ಲಿ ಒಂದು ಮಣ್ಣಿಗೆ ಹೋಯಿತು, ಇನ್ನೊಂದು ತಮ್ಮ ವಿಲಿಯಂಗೆ ಹೋಯಿತು.

ವಿಲಿಯಂ ಪೋಲ್ ಎಂಬ ಬಂಧುವಿನ ಆಸ್ತಿಗೆ ವಾರಸುದಾರನಾಗಿ ವೆಲ್ಲೆಸ್ಲಿ-ಪೋಲ್ ಆಗಿದ್ದ. ಟಂಕಸಾಲೆಯ ಮುಖ್ಯಸ್ಥನಾಗಿ 1816ರ ದೊಡ್ಡ ನಾಣ್ಯ ಸುಧಾರಣೆ ನಡೆಸಿದವನು ಅವನೇ. 1821ರಲ್ಲಿ ಬ್ಯಾರನ್ ಮೇರಿಬರೋ ಎಂಬ ಸ್ವಂತ ಪದವಿಯೂ ಬಂತು. ಈ ಕವಲನ್ನು ಹಾಳುಗೆಡವಿದವನು ಅವನ ಮಗ. 1812ರಲ್ಲಿ ಅವನು ಕ್ಯಾಥರೀನ್ ಟಿಲ್ನಿ-ಲಾಂಗ್ ಎಂಬ ಭಾರಿ ಶ್ರೀಮಂತೆಯ ಕೈಹಿಡಿದು ತನ್ನ ಹೆಸರನ್ನು ಪೋಲ್-ಟಿಲ್ನಿ-ಲಾಂಗ್-ವೆಲ್ಲೆಸ್ಲಿ ಎಂದು ಉದ್ದ ಮಾಡಿಕೊಂಡ. ಹತ್ತೇ ವರ್ಷದಲ್ಲಿ ಸಾಲ ಎಷ್ಟಾಯಿತೆಂದರೆ ಹೆಂಡತಿಯ ಮನೆತನದ ವಾನ್‌ಸ್ಟೆಡ್ ಅರಮನೆಯ ಸಾಮಾನೆಲ್ಲ 1822ರಲ್ಲಿ ಹರಾಜಾಯಿತು. ಆಮೇಲೆ ಕಟ್ಟಡವನ್ನೇ ಕಲ್ಲು ಮರಕ್ಕಾಗಿ ಮಾರಿ ಕೆಡವಿದರು. ಕ್ಯಾಥರೀನ್ 1825ರಲ್ಲಿ ತೀರಿಕೊಂಡಳು. 1827ರಲ್ಲಿ ಚಾನ್ಸರಿ ನ್ಯಾಯಾಲಯ ಇವನ ನಡತೆ ನೋಡಿ ಇವನ ಮಕ್ಕಳನ್ನು ಇವನಿಗೆ ಒಪ್ಪಿಸಲು ನಿರಾಕರಿಸಿತು. ಹೆತ್ತ ಮಕ್ಕಳಿಗೂ ಯೋಗ್ಯನಲ್ಲ ಎಂದು ನ್ಯಾಯಾಲಯ ಹೇಳಿದ ಇದೇ ಮನುಷ್ಯ 1845ರಲ್ಲಿ ಅಪ್ಪ ಸತ್ತಾಗ ಯಾರ ಅಪ್ಪಣೆಯೂ ಬೇಕಿಲ್ಲದೆ ಅರ್ಲ್ ಆದ. ಸನ್ನದು ನಡತೆ ಕೇಳುವುದಿಲ್ಲ. ಕೊನೆಗೆ ದಾಯಾದಿಗಳು ಕೊಡುತ್ತಿದ್ದ ಹಣದಲ್ಲಿ ದಿನ ದೂಡಿ 1857ರಲ್ಲಿ ಸತ್ತ. ಅವನ ಮಗ ಮದುವೆಯಾಗದೆ 1863ರಲ್ಲಿ ತೀರಿಕೊಂಡಾಗ ಮೇರಿಬರೋ ಪದವಿ ನಿರ್ವಂಶವಾಯಿತು. ಮಾರ್ನಿಂಗ್ಟನ್ ಪದವಿ ಆರ್ಥರನ ಮಗ ಎರಡನೆಯ ಡ್ಯೂಕ್‌ಗೆ ಬಂತು.

ಕಿರಿಯ ಹೆನ್ರಿ ರಾಯಭಾರಿಯಾಗಿ ಹೆಸರು ಮಾಡಿ 1828ರಲ್ಲಿ ಬ್ಯಾರನ್ ಕೌಲಿ ಆದ. ಕೌಲಿ ಎಂದರೆ ಕಾಲಿಯದೇ ಇನ್ನೊಂದು ರೂಪ. ನೂರು ವರ್ಷದ ಹಿಂದೆ ಮನೆತನ ಬಿಟ್ಟುಕೊಟ್ಟ ಹೆಸರನ್ನು ಅವನು ಪದವಿಯ ರೂಪದಲ್ಲಿ ಮರಳಿ ತಂದ. ಅವನ ಮಗ 1857ರಲ್ಲಿ ಅರ್ಲ್ ಕೌಲಿ ಆದ. ಆ ಕವಲು ಇಂದಿಗೂ ಇದೆ.

ಇನ್ನು ಆರ್ಥರ್. ತಂದೆಯ ಆಸ್ತಿಯಲ್ಲಾಗಲಿ ಪದವಿಯಲ್ಲಾಗಲಿ ಹೆಚ್ಚೇನೂ ನಿರೀಕ್ಷಿಸುವಂತಿಲ್ಲದ ಕಿರಿಮಗ. ಸ್ಪೇನ್ ಮತ್ತು ಪೋರ್ಚುಗಲ್ ಯುದ್ಧಗಳಲ್ಲಿ ಗೆಲ್ಲುತ್ತ ಹೋದಂತೆ 1809ರಲ್ಲಿ ವೈಕೌಂಟ್, 1812ರಲ್ಲಿ ಅರ್ಲ್, ಅದೇ ವರ್ಷ ಮಾರ್ಕ್ವಿಸ್, 1814ರಲ್ಲಿ ಡ್ಯೂಕ್. ಐದು ವರ್ಷದೊಳಗೆ ಎಲ್ಲ ಮೆಟ್ಟಿಲೂ ಮುಗಿದವು. ವೆಲ್ಲಿಂಗ್ಟನ್ ಎಂಬ ಹೆಸರನ್ನು ಆರಿಸಿದವನು ಅಣ್ಣ ವಿಲಿಯಂ. ಆರ್ಥರ್ ಆಗ ಯುದ್ಧಭೂಮಿಯಲ್ಲಿದ್ದ. ಮನೆತನದ ಹೆಸರಿಗೆ ಹತ್ತಿರವಾಗಿ ಕೇಳುವ ಊರೊಂದು ಸೋಮರ್‌ಸೆಟ್ ಪ್ರಾಂತದಲ್ಲಿ ಸಿಕ್ಕಿತು, ಅದೇ ಆಯಿತು. ಸ್ಪೇನ್, ಪೋರ್ಚುಗಲ್, ನೆದರ್ಲೆಂಡ್ಸ್ ಕೂಡ ತಮ್ಮ ತಮ್ಮ ಪದವಿಗಳನ್ನು ಕೊಟ್ಟವು. ಪಾರ್ಲಿಮೆಂಟ್ ಕೊಟ್ಟ ಹಣದಿಂದ ಸ್ಟ್ರಾಟ್‌ಫೀಲ್ಡ್ ಸೇ ಎಂಬ ಜಹಗೀರು ಬಂತು. ಲಂಡನ್ನಿನಲ್ಲಿ ವೆಲ್ಲಿಂಗ್ಟನ್ನನ ಮನೆ ಎಂದು ಇಂದು ಪ್ರವಾಸಿಗರು ನೋಡುವ ಆಪ್ಸ್ಲಿ ಹೌಸ್ ಕೂಡ ಮೊದಲು ರಿಚರ್ಡನದು. ಅಣ್ಣನಿಗೆ ಹಣದ ಮುಗ್ಗಟ್ಟು ಬಂದಾಗ, 1817ರಲ್ಲಿ, ತಮ್ಮ ಕೊಂಡುಕೊಂಡ.

ಬಿರುದು ರಕ್ತದ್ದಲ್ಲ, ಕಾಗದದ್ದು ಎಂಬುದು ಇನ್ನೂ ಸ್ಪಷ್ಟವಾದದ್ದು 1943ರಲ್ಲಿ. ಅವಿವಾಹಿತನಾಗಿದ್ದ ಆರನೆಯ ಡ್ಯೂಕ್ ಇಟಲಿಯ ಸಲೆರ್ನೋದಲ್ಲಿ ಯುದ್ಧದಲ್ಲಿ ಮಡಿದ. ಇಂಗ್ಲಿಷ್ ಪದವಿ ಅವನ ಚಿಕ್ಕಪ್ಪ ಜೆರಾಲ್ಡ್‌ಗೆ ಹೋಯಿತು. ಆದರೆ ಸ್ಪೇನ್ ಕೊಟ್ಟಿದ್ದ ‘ಸಿಯುದಾದ್ ರೋದ್ರಿಗೊ’ ಡ್ಯೂಕ್ ಪದವಿ ಸ್ಪೇನಿನ ನಿಯಮದಂತೆ ಸತ್ತವನ ಒಡಹುಟ್ಟಿದ ಆ್ಯನ್‌ಗೆ ಬಂತು. ಒಂದೇ ಮನೆ, ಒಂದೇ ಸಾವು. ಒಂದು ಕಾನೂನಿಗೆ ಹೆಣ್ಣುಮಗಳು ಕಾಣಲೇ ಇಲ್ಲ, ಇನ್ನೊಂದಕ್ಕೆ ಅವಳೇ ವಾರಸುದಾರಳು. 1949ರಲ್ಲಿ ಆಕೆ ಅದನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟಳು.

ಮೈಸೂರಿನ ಹೆಸರನ್ನೇ ಹೊತ್ತ ಪದವಿಯೂ ಒಂದಿದೆ. ಮುತ್ತಿಗೆಯ ದಂಡನಾಯಕ ಜಾರ್ಜ್ ಹ್ಯಾರಿಸ್ 1815ರಲ್ಲಿ ಶ್ರೀರಂಗಪಟ್ಟಣ, ಮೈಸೂರು ಮತ್ತು ಕೆಂಟ್ ಪ್ರಾಂತದ ಬೆಲ್ಮಾಂಟ್‌ನ ಬ್ಯಾರನ್ ಹ್ಯಾರಿಸ್ ಆದ. ಮುಂಬೈಯ ಓದುಗರಿಗೆ ಈ ಹೆಸರು ಗೊತ್ತಿರುತ್ತದೆ. ನಾಲ್ಕನೆಯ ಬ್ಯಾರನ್ 1890ರಿಂದ 1895ರವರೆಗೆ ಅಲ್ಲಿ ಗವರ್ನರ್ ಆಗಿದ್ದ. 1988ರಲ್ಲಿ ತೆಂಡೂಲ್ಕರ್ ಮತ್ತು ಕಾಂಬ್ಳಿ 664 ರನ್ನಿನ ಜೊತೆಯಾಟವಾಡಿದ ಶಾಲಾ ಪಂದ್ಯಾವಳಿಯ ಹ್ಯಾರಿಸ್ ಶೀಲ್ಡ್ ಅವನ ಹೆಸರಿನದು.

ವೆಲ್ಲೆಸ್ಲಿಗಳು ಗದ್ದುಗೆಗೆ ಕೂರಿಸಿದ ಮುಮ್ಮಡಿಯವರ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1831ರಲ್ಲಿ ವಿಲಿಯಂ ಬೆಂಟಿಂಕ್ ಅವರಿಂದ ಆಡಳಿತ ಕಿತ್ತುಕೊಂಡ. ಔರಸ ಪುತ್ರನಿಲ್ಲದ ಅವರು 1865ರಲ್ಲಿ ದತ್ತು ತೆಗೆದುಕೊಂಡರು. ಬ್ರಿಟಿಷರು ಮೊದಲು ಒಪ್ಪದಿದ್ದರೂ 1867ರಲ್ಲಿ ಒಪ್ಪಿದರು. ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯವೇ ಮರಳಿ ಬಂತು. ಆ ಎಲ್ಲ ಜಗ್ಗಾಟದ ನಂತರ ಮೈಸೂರಿನಲ್ಲಿ ದತ್ತು ಮಗ ಮಹಾರಾಜನಾದ. ಲಂಡನ್ನಿನಲ್ಲಿ ಮಾರ್ಕ್ವಿಸನ ಸ್ವಂತ ಮಗ ಮಾರ್ಕ್ವಿಸ್ ಆಗಲಿಲ್ಲ.

ರಿಚರ್ಡನ ಹೆಣ್ಣುಮಕ್ಕಳಲ್ಲೊಬ್ಬಳು ಆ್ಯನ್. ಅವಳ ಎರಡನೆಯ ಗಂಡ ಲಾರ್ಡ್ ಚಾರ್ಲ್ಸ್ ಬೆಂಟಿಂಕ್, ಮೈಸೂರಿನ ಆಡಳಿತ ಕಿತ್ತುಕೊಂಡ ಅದೇ ವಿಲಿಯಂ ಬೆಂಟಿಂಕನ ತಮ್ಮ. ಇವರ ಮಗ ಪಾದ್ರಿಯಾದ. ಆ ಪಾದ್ರಿಯ ಮಗಳು ಸಿಸಿಲಿಯಾ. ಸಿಸಿಲಿಯಾಳ ಮಗಳು ಎಲಿಜಬೆತ್ ಆರನೆಯ ಜಾರ್ಜ್ ದೊರೆಯ ರಾಣಿಯಾದಳು. ಆಕೆಯ ಮಗಳು ಎರಡನೆಯ ಎಲಿಜಬೆತ್, ಮೊಮ್ಮಗ ಮೂರನೆಯ ಚಾರ್ಲ್ಸ್. ಅಕ್ರಮ ಸಂತಾನವೆಂದು ಮಾರ್ಕ್ವಿಸ್ ಪದವಿಗೆ ಅನರ್ಹವಾದ ರಕ್ತ, ಹೆಣ್ಣುಮಕ್ಕಳ ಕಡೆಯಿಂದ ಹರಿದು ಪದವಿಗಳನ್ನು ಹಂಚುವ ಸಿಂಹಾಸನವನ್ನೇ ತಲುಪಿತು.